ಒಂದು ಗಂಟೆ ಹತ್ತು ನಿಮಿಷದ ಅಕ್ಕ

ಅಕ್ಕ,

ಇವತ್ತು ಬೆಳಿಗ್ಗೆ ಅಮ್ಮನ ಕೋಣೆ ಗುಡಿಸುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಿನ್ನ ಕುರ್ಚಿಯ ಮೆತ್ತೆಗೆ ಅಂಗಡಿಯವರು ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೆಯೇ ಇದೆ. ಮಡಿಕೆ ಕೂಡ ಬಿಚ್ಚಿಕೊಂಡಿಲ್ಲ. ಕೈಯಿಟ್ಟರೆ ನಿನ್ನೆ ತಂದ ವಸ್ತುವಿನ ಹಾಗೆ ಚರಚರ ಅನ್ನುತ್ತದೆ. ಪಕ್ಕದಲ್ಲಿರುವ ಸ್ಟೂಲಿನ ಬಣ್ಣ ಮಾತ್ರ ನಡುವೆ ಸವೆದು ಒಳಗಿನ ಮರ ಕಾಣುತ್ತಿದೆ. ಅದರ ಮೇಲೆ ಕೂತವಳು ನಾನು.

ನಿನಗೆ ಈ ಮನೆಯಲ್ಲಿ ಒಂದು ಕುರ್ಚಿ ಇತ್ತು ಎನ್ನುವುದು ನಿನಗೆ ಗೊತ್ತಿರಲಾರದು. ಅಮ್ಮ ಹಾಸಿಗೆ ಹಿಡಿದ ಮೇಲೆ ಹಟ ಮಾಡಿ ತರಿಸಿಕೊಂಡದ್ದು. ಮಂಚದ ಬಲಗಡೆ, ಅವಳು ಕತ್ತು ಹೊರಳಿಸದೆ ನೋಡಬಹುದಾದ ಜಾಗದಲ್ಲಿ ಇಡಿಸಿದಳು. ನಾನು ಒಮ್ಮೆ ಮರೆತು ಕೂರಲು ಹೋದರೆ, "ಏಯ್, ಅಲ್ಲಿ ಬೇಡ ಮರಿ, ಅದು ಅವಳು ಬಂದಾಗ ಕೂರೋಕೆ" ಅಂದಳು. ಡಾಕ್ಟರು ಬಂದರೂ ಸ್ಟೂಲೇ ಗತಿ. "ಯಾರಿಗಮ್ಮ ಈ ಸಿಂಹಾಸನ?" ಎಂದು ಅವರು ಕೇಳಿದರೆ, ಮೂಗಿನ ಹತ್ತಿರದ ಆಮ್ಲಜನಕದ ನಳಿಗೆಯನ್ನು ಸ್ವಲ್ಪ ಸರಿಸಿಕೊಂಡು, "ನಮ್ಮ ದೊಡ್ಡವಳಿಗೆ. ಒಂದು ಗಂಟೆ ಹತ್ತು ನಿಮಿಷದ ದಾರಿ ಅಷ್ಟೇ ಡಾಕ್ಟ್ರೇ, ಯಾವಾಗ ಬೇಕಾದ್ರೂ ಬಂದುಬಿಡ್ತಾಳೆ" ಅನ್ನುತ್ತಿದ್ದಳು. ಉಸಿರು ಸಾಲದವಳು ಇಷ್ಟುದ್ದದ ಮಾತನ್ನು ಒಂದೇ ಗುಕ್ಕಿನಲ್ಲಿ ಹೇಗೆ ಹೇಳುತ್ತಿದ್ದಳೋ.

ಮೊನ್ನೆ ನೀನು ಫೋನ್ ಮಾಡಿ ಕೇಳಿದ್ದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ನಾನು "ಹೂಂ" ಅಂದೆ. ಅದನ್ನು ನೀನು ಒಪ್ಪಿಗೆ ಎಂದುಕೊಂಡೆ. ಚಿಕ್ಕವಳಾಗಿದ್ದಾಗಿನಿಂದಲೂ ನನ್ನ "ಹೂಂ"ಗಳನ್ನು ನೀನು ನಿನಗೆ ಬೇಕಾದ ಹಾಗೆ ಬಳಸಿಕೊಂಡಿದ್ದೀಯ. ನನಗೆ ಎದುರೆದುರು ಮಾತು ಬರುವುದಿಲ್ಲ, ಬರೆದರೆ ಬರುತ್ತದೆ. ಆದ್ದರಿಂದ ಪೂರ್ತಿ ಓದು.

ನೀನು ಅಂದದ್ದು ಇಷ್ಟು. ಭಾನುವಾರ ಸೋದರಮಾವನ ಮನೆಯಲ್ಲಿ ಎಲ್ಲರೂ ಸೇರುತ್ತಾರೆ, ಅಮ್ಮನ ಸಾಮಾನುಗಳಲ್ಲಿ ಯಾರಿಗೆ ಯಾವುದು ನೆನಪಿಗೆ ಬೇಕು ಎಂದು ಮಾತಾಡಲು. ನೀನು ವಿಡಿಯೊ ಕರೆಯಲ್ಲಿ ಬರುತ್ತೀಯ. ಆಗ ನಾನು ಎಲ್ಲರ ಮುಂದೆ ಹೇಳಬೇಕು. "ನಿಮ್ಮೂರಿಗೆ ಇಲ್ಲಿಂದ ನೇರ ವಿಮಾನವೇ ಇಲ್ಲ ಅಂತ ನೀನು ಹೇಳು ಕಣೇ. ನಿನ್ನ ಕೆಲಸವೂ ಅದೇ ಏನೋ ತಾನೆ, ನೀನು ಹೇಳಿದ್ರೆ ನಂಬ್ತಾರೆ. ಸಾಯೋ ಅಮ್ಮನ್ನ ಕಾಯಿಸಿದವಳು ಅನ್ನೋ ಹೆಸರು ಹೊತ್ಕೊಂಡು ನಾನು ಬದುಕೋಕಾಗಲ್ಲ. ಮಾವ ನನ್ನ ಫೋನೇ ಎತ್ತುತ್ತಿಲ್ಲ." ಅಷ್ಟು ಹೇಳಿ ನೀನು ಅತ್ತುಬಿಟ್ಟೆ. ಅಳು ನಿಜವಾದದ್ದೇ. ಅಪ್ಪ ಹೋದ ಮೇಲೆ ನಿನಗೆ ಸೈಕಲ್ ಕಲಿಸಲು ಸೀಟು ಹಿಡಿದುಕೊಂಡು ನಿನ್ನ ಹಿಂದೆ ಬೀದಿಯುದ್ದ ಓಡಿದವರು ಮಾವ. ಅವರ ಬಾಯಲ್ಲಿ ನಿನ್ನ ಹೆಸರು ಬರದೇ ಹೋದರೆ ನಿನಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಮೊನ್ನೆ ಅತ್ತೆ ಮಾವನನ್ನು, "ಆ ಗಾಜಿನ ಬೀರು ದೊಡ್ಡವಳಿಗೆ ಕಳಿಸೋಣವಾ?" ಎಂದು ಕೇಳಿದಾಗ, "ಅವಳಿಗೆ ಏನೂ ಕಳಿಸೋದು ಬೇಡ. ಲಾರಿಯಿಂದ ಇಳಿಸಿಕೊಳ್ಳೋಕೂ ಅವಳಿಗೆ ಪುರುಸೊತ್ತು ಇರಲ್ಲ" ಅಂದರು. ಸಿಟ್ಟಿನಲ್ಲಿ ಅಂದಿದ್ದರೆ ಆರಿಹೋಗುತ್ತಿತ್ತು. ಪೇಪರು ಓದುತ್ತಾ ಅಂದರು.

"ನಿನ್ನ ಕೆಲಸವೂ ಅದೇ ಏನೋ" ಅಂದೆಯಲ್ಲ, ಅದೇನು ಎಂದು ಒಂದು ದಿನವಾದರೂ ಕೇಳಿದ್ದೀಯಾ ಅಕ್ಕ? ಈಗ ಹೇಳುತ್ತೇನೆ, ಏಕೆಂದರೆ ನಿನ್ನ ಕಥೆ ಶುರುವಾಗುವುದು ಅಲ್ಲಿಂದ.

ಟಯರು ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ದಿನವಿಡೀ ರಬ್ಬರಿನ ವಾಸನೆ. ಕಿಟಕಿಗೆ ಬೆನ್ನು ಮಾಡಿ ಕೂತ ನಾವು ಆರು ಜನ. ಬೆಳಿಗ್ಗೆ ಬಂದ ಕೂಡಲೇ ಪ್ರತಿಯೊಬ್ಬರ ಪರದೆಯ ಮೇಲೂ ವಿಮಾನ ನಿಲ್ದಾಣಗಳ ಜೋಡಿಗಳು ಬಂದು ಕೂತಿರುತ್ತವೆ. ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು. ಪ್ರತಿ ಜೋಡಿಗೂ ಒಂದು ಪುಟ ಬರೆಯಬೇಕು. ಜನ ಫೋನಿನಲ್ಲಿ ಹುಡುಕಿದರೆ ನಮ್ಮ ಪುಟ ಮೊದಲು ಬರಬೇಕು, ಪಕ್ಕದಲ್ಲಿ ಸೂಟ್‌ಕೇಸಿನ ಜಾಹೀರಾತು ಕಾಣಬೇಕು. ವ್ಯಾಪಾರ ಇಷ್ಟೇ. ದೂರವನ್ನು ಯಂತ್ರವೇ ಕೊಡುತ್ತದೆ, ಭೂಪಟದ ಮೇಲೆ ನೇರ ಗೆರೆ ಎಳೆದು. ಅದನ್ನು ವಿಮಾನದ ಸಾಮಾನ್ಯ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಎಂದು ಅರ್ಧ ಗಂಟೆ ಸೇರಿಸಿದರೆ ಪ್ರಯಾಣದ ಸಮಯ. ಸುತ್ತ ನಾಲ್ಕು ಪ್ಯಾರಾ ಕಟ್ಟುವುದು ನಮ್ಮ ಕೆಲಸ. ದಿನವಿಡೀ ನಮ್ಮ ಪುಟಗಳನ್ನು ಎಣಿಸುವ ಮೇಲಧಿಕಾರಿಗೆ ನಾವು ಮೀಟರ್ ಎಂದು ಹೆಸರಿಟ್ಟಿದ್ದೇವೆ. ನನ್ನನ್ನು ಸೇರಿಸಿಕೊಂಡ ದಿನ ಅವರು, "ಸಾಹಿತ್ಯ ಓದಿದ್ದೀಯಲ್ಲಮ್ಮ, ಕೊನೇಲಿ ಒಂದು ವಾಕ್ಯ ಚೆಂದ ಮಾಡು, ಓದಿದವರಿಗೆ ಹೊರಡಬೇಕು ಅನ್ನಿಸಬೇಕು" ಅಂದಿದ್ದರು. ಮೂರು ವರ್ಷ ಓದಿದ್ದಕ್ಕೆ ದಿನಕ್ಕೆ ಹತ್ತಾರು ಕೊನೆಯ ವಾಕ್ಯಗಳು.

ಸೇರಿದ ಹೊಸತರಲ್ಲಿ ನಾನು ಧೈರ್ಯ ಮಾಡಿ ಅವರ ಮೇಜಿನ ಹತ್ತಿರ ಹೋಗಿ ನಿಂತಿದ್ದೆ. "ಸರ್, ಈ ಎರಡು ಊರಿನ ಮಧ್ಯೆ ವಿಮಾನವೇ ಓಡಾಡಲ್ಲ." ಅವರು ತಲೆಯೆತ್ತಲಿಲ್ಲ. "ಓಡಾಡುತ್ತೆ ಅಂತ ನಾವೆಲ್ಲಿ ಬರೆದಿದ್ದೀವಿ? ಇಷ್ಟು ಹೊತ್ತು ಆಗುತ್ತೆ ಅಂತ ಬರೆದಿದ್ದೀವಿ. ಹಾರಿದ್ರೆ ಅಷ್ಟೇ ಹೊತ್ತು ಆಗೋದು." ಪಕ್ಕದ ಮೇಜಿನವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನೆಟ್ಟಗೆ ಹಾರೋ ಕಾಗೆಗಳಿಗೂ ಮಾಹಿತಿ ಬೇಕಲ್ವೇನೇ" ಅಂದಳು. ಆಮೇಲೆ ನಾನು ಏನನ್ನೂ ಕೇಳಲು ಹೋಗಲಿಲ್ಲ.

ಅಮ್ಮ ಹಾಸಿಗೆ ಹಿಡಿದ ವರ್ಷ ಒಂದು ದಿನ ನನ್ನ ಪಾಲಿಗೆ ಒಂದು ಜೋಡಿ ಬಂತು. ಒಂದು ಕಡೆ ನಮ್ಮೂರಿನ ಪುಟ್ಟ ನಿಲ್ದಾಣ, ಇನ್ನೊಂದು ಕಡೆ ನಿನ್ನೂರಿನದು. ಎರಡು ಹೆಸರನ್ನೂ ಅಕ್ಕಪಕ್ಕ ನೋಡಿ ನನಗೆ ಸುಮ್ಮಸುಮ್ಮನೆ ಸಂಕೋಚವಾಯಿತು, ಯಾರೋ ನಮ್ಮ ಮನೆಯ ಬೆಡ್‌ರೂಮಿನ ಬಾಗಿಲು ತೆರೆದ ಹಾಗೆ. ನೇರ ಗೆರೆಯ ದೂರ ಐನೂರ ಮೂವತ್ತು ಕಿಲೋಮೀಟರ್. ಸಮಯ ಒಂದು ಗಂಟೆ ಹತ್ತು ನಿಮಿಷ. ನಡುವಿನ ಬೆಟ್ಟಸಾಲಿನ ಮೇಲೆ ಯಾವ ವಿಮಾನವೂ ಹಾರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮೂರಿನಿಂದ ಹೊರಡುವುದೆಲ್ಲ ರಾಜಧಾನಿಗೆ. ಅಲ್ಲಿ ಇಳಿದು ಕಾದು, ಮರುದಿನ ಇನ್ನೊಂದು ಹತ್ತಬೇಕು. ಆದರೂ ಆ ದಿನ ಕೊನೆಯ ವಾಕ್ಯವನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ಕೂತು ಬರೆದೆ. "ಮೇಜಿನ ಮೇಲಿಟ್ಟ ಚಹಾ ಆರುವುದರೊಳಗೆ ತಲುಪಿಬಿಡುವಷ್ಟು ಹತ್ತಿರ ಈ ಎರಡು ಊರುಗಳು." ಒಂದು ಗಂಟೆ ಬಿಸಿಯಾಗಿರುವ ಚಹಾ ಎಲ್ಲಿದೆ? ಆದರೆ ಚೆಂದವಿತ್ತು.

ಅದಾದ ಕೆಲವು ವಾರಗಳಿಗೆ ನೀನು ಅಮ್ಮನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ ದಿಂಬಿನ ಮೇಲೆ ಇಟ್ಟಿದ್ದೆ. "ಅಮ್ಮಾ, ಇವತ್ತು ನೋಡಿದೆ. ನಾವು ಎಷ್ಟು ಹತ್ತಿರ ಇದ್ದೀವಿ ಗೊತ್ತಾ? ಬರೀ ಒಂದು ಗಂಟೆ ಹತ್ತು ನಿಮಿಷ. ಮೇಜಿನ ಮೇಲಿಟ್ಟ ಚಹಾ ಆರೋದ್ರೊಳಗೆ ಬಂದುಬಿಡ್ತೀನಿ. ನೀನು ಹೂಂ ಅನ್ನು ಸಾಕು." ನನ್ನ ಕೈಯಲ್ಲಿ ಅಮ್ಮನ ಮಾತ್ರೆಯ ಡಬ್ಬಿಯಿತ್ತು. ನನ್ನ ಬರಹವನ್ನು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಆ ಕ್ಷಣಕ್ಕೆ ಹೆಮ್ಮೆಯಾಯಿತು ಅಕ್ಕ, ಸುಳ್ಳು ಯಾಕೆ. ಆಮೇಲೆ ಅಮ್ಮನ ಮುಖ ನೋಡಿದೆ. ತಿಂಗಳುಗಳಿಂದ ಬೂದಿ ಬಳಿದ ಹಾಗಿದ್ದ ಮುಖ. ಅದರಲ್ಲಿ ನೀನು ಬಂದು ಕೂತಿದ್ದೆ.

ಮರುದಿನವೇ ಕುರ್ಚಿ ಬೇಕು ಅಂದಳು.

ನಾನು ಬಾಯಿ ಬಿಡಬಹುದಿತ್ತು. ಆ ಪುಟ ಬರೆದವಳು ನಾನು, ಆ ಲೆಕ್ಕ ಕಾಗೆಯದು ಎಂದು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಅಮ್ಮನ ಮುಖಕ್ಕೋಸ್ಕರ ಅಂದರೆ ನಂಬುತ್ತೀಯ, ಆದರೆ ಅದು ಅರ್ಧ ಮಾತ್ರ. ಉಳಿದರ್ಧ ಇದು: ನೀನೇ ಕಂಡುಹಿಡಿಯಲಿ ಎಂದು ಕಾದೆ. ಟಿಕೆಟ್ ತೆಗೆಯಲು ಕೂತ ಯಾರಿಗಾದರೂ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ ಅದು. ಊರಿನ ಹೆಸರು ಒತ್ತಬೇಕು, ತಾರೀಕು ಒತ್ತಬೇಕು, "ವಿಮಾನಗಳಿಲ್ಲ" ಎಂದು ಬರುತ್ತದೆ. ಆಗ ನೀನು ಫೋನ್ ಮಾಡುತ್ತೀಯ, "ಅಯ್ಯೋ, ನೇರ ವಿಮಾನವೇ ಇಲ್ವಲ್ಲೇ" ಅನ್ನುತ್ತೀಯ. ಆ ಫೋನಿಗೆ ಕಾದೆ. ಬೇಸಿಗೆಯಲ್ಲಿ ಕಾದೆ, ಚಳಿಗಾಲದಲ್ಲಿ ಕಾದೆ. ಅಮ್ಮನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿದಾಗ, ಈಗ ಖಂಡಿತ ಬರುತ್ತದೆ ಎಂದು ಕಾದೆ. ನೀನು ಫೋನ್ ಮಾಡಿದೆ. "ಬರ್ಲಾ ಹೇಳು, ಈಗ ಹೊರಟ್ರೆ ಊಟಕ್ಕೆ ಅಲ್ಲಿರ್ತೀನಿ" ಅಂದೆ. ಅಮ್ಮ, "ಬೇಡ ಮಗಳೇ, ಮಗು ಇಟ್ಕೊಂಡು ಒದ್ದಾಡಬೇಡ, ಹತ್ತಿರಾನೇ ಇದ್ದೀಯಲ್ಲ" ಅಂದಳು. ನೀನು, "ಹಾಗಾದ್ರೆ ಸರಿ ಅಮ್ಮಾ" ಅಂದೆ. ಎಷ್ಟು ಬೇಗ ಅಂದೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

ಮದುವೆಯಾಗಿ ಭಾವನ ಜೊತೆ ಸಾಮಾನು ಲಾರಿಯ ಹಿಂದೆ ಕಾರಿನಲ್ಲಿ ಹೋದವಳು ನೀನು. ಮೊದಲ ಮೂರು ವರ್ಷ, "ತುಂಬಾ ದೂರ ಅಮ್ಮಾ, ರಸ್ತೆಯಲ್ಲಿ ಒಂದೂವರೆ ದಿನ" ಎಂದು ಬರಲಿಲ್ಲ. ಆಮೇಲಿನ ಎರಡು ವರ್ಷ, "ತುಂಬಾ ಹತ್ತಿರ ಅಮ್ಮಾ" ಎಂದು ಬರಲಿಲ್ಲ. ಅಮ್ಮ ಮೊಮ್ಮಗಳನ್ನು ಗಾಜಿನ ಮೇಲೆ ಬೆರಳಿಟ್ಟು ಮುದ್ದಿಸಿದಳು. ನನ್ನ ಫೋನಿನ ಪರದೆಯ ಮೇಲೆ ಅವಳ ಬೆರಳಿನ ಎಣ್ಣೆಯ ಗುರುತು ಇರುತ್ತಿತ್ತು, ಪ್ರತಿ ಸಲ ಒರೆಸುತ್ತಿದ್ದೆ.

ಬೆಳಿಗ್ಗೆ ಬರುತ್ತಿದ್ದ ನರ್ಸಕ್ಕ ನಿನಗೆ ಒಂದು ಹೆಸರಿಟ್ಟಿದ್ದಳು. "ಏನಮ್ಮಾ, ನಿಮ್ಮ ಒಂದು ಗಂಟೆ ಹತ್ತು ನಿಮಿಷ ಫೋನ್ ಮಾಡಿದ್ರಾ ನಿನ್ನೆ?" ಎಂದು ಕೇಳುತ್ತಿದ್ದಳು. ಅಮ್ಮ ಅದನ್ನು ಕುಹಕ ಎಂದುಕೊಳ್ಳಲೇ ಇಲ್ಲ. ಬಿರುದು ಎಂದುಕೊಂಡಳು.

ಆ ದಿನದ ವಿಷಯ ನಿನಗೆ ನಿನ್ನ ಕಡೆಯಿಂದ ಗೊತ್ತು. ಈ ಕಡೆಯಿಂದ ಹೇಳುತ್ತೇನೆ. ಬೆಳಿಗ್ಗೆ ಡಾಕ್ಟರು ನನ್ನನ್ನು ಅಡುಗೆಮನೆಗೆ ಕರೆದು, "ಬರಬೇಕಾದವರನ್ನ ಕರೆಸಿಬಿಡಿ" ಅಂದರು. ನಿನಗೆ ಫೋನ್ ಮಾಡಿದೆ. "ಹೊರಟೆ, ಈಗಲೇ ಹೊರಟೆ. ಅಮ್ಮನಿಗೆ ಹೇಳು, ಒಂದು ಗಂಟೆ ಹತ್ತು ನಿಮಿಷ" ಅಂದೆ. ಆಗಲಾದರೂ ನಾನು ಹೇಳಬೇಕಿತ್ತು ಅನ್ನುತ್ತೀಯಾ? ಹೇಳಿದ್ದರೆ ನೀನು ಒಂದು ಅರ್ಧ ಗಂಟೆ ಮೊದಲು ಅತ್ತಿರುತ್ತಿದ್ದೆ. ಬೇರೇನೂ ಬದಲಾಗುತ್ತಿರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು ನರ್ಸಕ್ಕನಿಂದ ತಲೆ ಬಾಚಿಸಿಕೊಂಡಳು. "ಹಿಂದಿನ ಸಿಕ್ಕು ಬಿಡಿಸಬೇಡಿ, ನೋವಾಗುತ್ತೆ. ಮುಂದೆ ಕಾಣೋಷ್ಟು ಸಾಕು" ಅಂದಳು. ಕುರ್ಚಿಯ ಮೇಲಿನ ಪ್ಲಾಸ್ಟಿಕ್ ತೆಗೆಯಲಾ ಎಂದು ಕೇಳಿದೆ. "ಅವಳೇ ಹರಿಯಲಿ, ಅವಳಿಗೆ ಚಿಕ್ಕಂದಿನಿಂದ ಅದು ಇಷ್ಟ" ಅಂದಳು.

ಆಮೇಲೆ ನೀನು ನಿಲ್ದಾಣದಿಂದ ಫೋನ್ ಮಾಡಿದೆ. ನಾನು ಹಿತ್ತಲಿಗೆ ಹೋಗಿ ಎತ್ತಿದೆ. "ಇಲ್ಲಿಂದ ನಿಮ್ಮೂರಿಗೆ ವಿಮಾನವೇ ಇಲ್ವಂತೆ ಕಣೇ. ಯಾವತ್ತೂ ಇರಲೇ ಇಲ್ವಂತೆ. ಕೌಂಟರಿನವಳು ನನ್ನ ಮುಖ ನೋಡಿ ನಗ್ತಾಳೆ. ರಾಜಧಾನಿ ಸುತ್ತಿ ಬಂದ್ರೆ ನಾಳೆ ಸಂಜೆ ಅಂತೆ. ಆ ಪುಟ ಬರೆದ ಮೂರ್ಖರು ಯಾರೋ, ಕೈಗೆ ಸಿಕ್ಕಿದ್ರೆ..." ನಿನ್ನ ಮಾತಿಗೆ ನಾನು "ಹೂಂ" ಅಂದೆ.

ಒಳಗೆ ಬಂದರೆ ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. "ಎಲ್ಲಿದ್ದಾಳೆ?" ಅಂದಳು. "ಮೇಲೆ ಹಾರ್ತಿದ್ದಾಳೆ ಅಮ್ಮ" ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. "ಇಳಿದಳು" ಅಂದೆ. ಮತ್ತೆ ಕೇಳಿದಳು. "ಟ್ಯಾಕ್ಸಿ ಹತ್ತಿದಳು, ದೊಡ್ಡ ಸೇತುವೆ ಹತ್ತಿರ ವಾಹನಗಳು ನಿಂತುಬಿಟ್ಟಿವೆಯಂತೆ" ಅಂದೆ. ಆ ಮಧ್ಯಾಹ್ನ ನಿನ್ನನ್ನು ನಾನು ಬೀದಿ ಬೀದಿ ದಾಟಿಸಿಕೊಂಡು ಬಂದೆ ಅಕ್ಕ. ಔಷಧದ ಅಂಗಡಿಯ ತಿರುವಿನ ತನಕ ಕರೆತಂದಿದ್ದೆ. ಇನ್ನು ಮುಂದೆ ನಿನ್ನನ್ನು ಎಲ್ಲಿ ನಿಲ್ಲಿಸಲಿ ಎಂದು ತಿಳಿಯದೆ ಒದ್ದಾಡುತ್ತಿದ್ದಾಗ ಅವಳು ಕೇಳುವುದನ್ನು ನಿಲ್ಲಿಸಿದಳು. ಕಣ್ಣು ಬಾಗಿಲಿನ ಕಡೆಗೇ ಇತ್ತು. ನರ್ಸಕ್ಕ ಮುಚ್ಚಿದಳು.

ನೀನು ಮರುದಿನ ಸಂಜೆ ಬಂದಾಗ ಎಲ್ಲ ಮುಗಿದಿತ್ತು. ಬಾಗಿಲಲ್ಲೇ ಚಿಕ್ಕಮ್ಮ ನಿಂತಿದ್ದಳು. ಅಮ್ಮನಿಗಿಂತ ಚಿಕ್ಕವಳಾದರೂ ಅವಳ ಬಾಯಿ ಈ ಮನೆತನಕ್ಕೇ ಹಿರಿಯದು. "ಬಾ ತಾಯಿ. ಒಂದು ಗಂಟೆ ಹತ್ತು ನಿಮಿಷ ಅಂದ್ರೆ ನಿಮ್ಮೂರಲ್ಲಿ ಎಷ್ಟು ದಿನ?" ಅಂದಳು. ನೀನು ವಿಮಾನವಿಲ್ಲ ಎಂದು ಹೇಳುತ್ತಲೇ ಇದ್ದೆ. ಅವಳು ಫೋನ್ ತೆಗೆದು ಹುಡುಕಿ, ನನ್ನ ಪುಟವನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು, ದೂರ, ಸಮಯ, ಕೊನೆಗೆ ಚಹಾದ ಆ ವಾಕ್ಯ. "ಅಚ್ಚಲ್ಲಿ ಬಂದಿರೋದು ಸುಳ್ಳು, ನೀನು ನಿಜ. ಅಲ್ವಾ?" ಅಂದಳು. ಮಾವ ಎದ್ದು ಹೊರಗೆ ಹೋದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನೀನು ನನ್ನ ಕಡೆ ನೋಡಿದ್ದು ಗೊತ್ತಿದೆ. ಮಾತು ಬರಲಿಲ್ಲ ಎಂದು ಹೇಳುವುದಿಲ್ಲ, ಅವತ್ತು ಮಾತು ಬಂದಿತ್ತು. ನಾನೇ ಆಡಲಿಲ್ಲ.

ಈಗ ನೀನು ಕೇಳುವುದು ನ್ಯಾಯವೇ. ವಿಮಾನ ಇರಲಿಲ್ಲ, ಅದು ನಿಜ. ಚಿಕ್ಕಮ್ಮ ಓದಿದ್ದು ಸುಳ್ಳು, ಅದೂ ನಿಜ. ನಾನು ಎದ್ದು ನಿಂತು ಒಂದು ಮಾತು ಹೇಳಿದರೆ ನಿನ್ನ ಮೇಲಿನ ಕಲ್ಲು ಸರಿಯುತ್ತದೆ ಎಂದು ನೀನು ಲೆಕ್ಕ ಹಾಕಿದ್ದೀಯ. ಆದರೆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಹಾಕಿ ನೋಡಿದ್ದೀಯಾ? ಅಮ್ಮ ಸಾಯುವ ದಿನ ನಿಲ್ದಾಣದ ಕೌಂಟರಿಗೆ ಹೋಗುವವರೆಗೂ ಆ ವಿಮಾನ ಇಲ್ಲ ಎಂದು ನಿನಗೆ ಗೊತ್ತೇ ಇರಲಿಲ್ಲ. ಎರಡು ವರ್ಷದಲ್ಲಿ ಒಂದು ಸಲ, ಸುಮ್ಮನೆ ಬೇಸರಕ್ಕಾದರೂ, ಟಿಕೆಟ್ ಹುಡುಕಿದ್ದರೆ ಗೊತ್ತಾಗುತ್ತಿತ್ತು. ಅವಳು ಆಸ್ಪತ್ರೆಯಲ್ಲಿದ್ದಾಗ ಹುಡುಕಿದ್ದರೆ ಗೊತ್ತಾಗುತ್ತಿತ್ತು. ನೀನು ನಮ್ಮ ಮುಂದೆ ತಂದು ಇಡುತ್ತಿರುವ ನಿರಪರಾಧಿತ್ವ ಎಂಥದ್ದು ನೋಡು. ಆ ಒಂದು ದಿನದ ತಪ್ಪಿನಿಂದ ತಪ್ಪಿಸಿಕೊಳ್ಳಲು ಎರಡು ವರ್ಷದ ತಪ್ಪನ್ನು ನೀನೇ ಕೈಯಾರೆ ಎತ್ತಿ ತೋರಿಸುತ್ತಿದ್ದೀಯ. ಇದು ನಿನಗೆ ಹೊಳೆದೇ ಇಲ್ಲ ಎನ್ನುವುದು ನಿನ್ನ ಅಳುವಿನಲ್ಲೇ ತಿಳಿಯಿತು. ಹೊಳೆದಿದ್ದರೆ ಇಷ್ಟು ಗಟ್ಟಿಯಾಗಿ ಅಳುತ್ತಿರಲಿಲ್ಲ.

ಇಲ್ಲಿ ಯಾರಿಗೂ ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ನೀನು ಅವರ ಕಣ್ಣಿಗೆ ಒಂದು ದಿನ ತಡ ಮಾಡಿದವಳು. ಅದನ್ನು ಕಾಲ ಕಳೆದಂತೆ ಮನ್ನಿಸುತ್ತಾರೆ. ಮಾವ ಯಾವತ್ತಾದರೂ ಫೋನ್ ಎತ್ತುತ್ತಾರೆ. ಸುಮ್ಮನಿದ್ದಿದ್ದರೆ ನಿನಗೆ ಅದೇ ಲಾಭವಿತ್ತು.

ಆದರೆ ನೀನು ಕೇಳಿದ್ದೀಯ. ಆದ್ದರಿಂದ ಭಾನುವಾರ ನಾನು ಹೇಳುತ್ತೇನೆ. ಎದ್ದು ನಿಂತು, ಮೊದಲ ಸಲ ಎಲ್ಲರಿಗೂ ಕೇಳುವ ಹಾಗೆ: ಆ ಪುಟ ಬರೆದವಳು ನಾನು, ಅದು ಬರೀ ಗೆರೆಯ ಲೆಕ್ಕ, ಅಂಥ ವಿಮಾನ ಯಾವತ್ತೂ ಇರಲಿಲ್ಲ, ಅಕ್ಕನಿಗೆ ಅವತ್ತೇ ಗೊತ್ತಾದದ್ದು. ನೀನು ಕೇಳಿದಷ್ಟೇ, ಒಂದಕ್ಷರ ಹೆಚ್ಚಿಲ್ಲ. ಮಾವನ ಕಣ್ಣು ಒದ್ದೆಯಾಗುತ್ತದೆ. "ಪಾಪ, ಮಗೂನ ಸುಮ್ಮನೆ ಅಂದುಬಿಟ್ಟೆವಲ್ಲ" ಅನ್ನುತ್ತಾರೆ. ನಿನ್ನ ಮುಖ ಪರದೆಯ ಮೇಲೆ ಅರಳುತ್ತದೆ. ಆಮೇಲೆ ಚಿಕ್ಕಮ್ಮ ಕೇಳುತ್ತಾಳೆ. ಅವಳು ಕೇಳದೆ ಬಿಡುವವಳಲ್ಲ, ನಿನಗೂ ಗೊತ್ತು. "ಅವತ್ತೇ ಗೊತ್ತಾಗಿದ್ದಾ? ಹಾಗಾದ್ರೆ ಅಲ್ಲೀವರೆಗೂ?" ನನ್ನನ್ನೂ ಕೇಳುತ್ತಾರೆ, ನೀನು ಯಾಕೆ ಮೊದಲೇ ಹೇಳಲಿಲ್ಲ ಎಂದು. ನನ್ನ ಉತ್ತರ ಸಿದ್ಧವಿದೆ: ಅಕ್ಕನ ಫೋನಿಗೆ ಕಾಯುತ್ತಿದ್ದೆ. ಅದಕ್ಕೆ ಅವರು ನನ್ನನ್ನು ಏನೆಂದರೂ ಸರಿ, ಇದೇ ಊರಿನಲ್ಲಿ ಅವರ ಎದುರಿಗೇ ಇದ್ದು ಕೇಳಿಸಿಕೊಳ್ಳುತ್ತೇನೆ.

ನಿನ್ನ ಉತ್ತರ ನಿನ್ನದು. ಅಂಚೆಗೆ ಹಾಕುತ್ತಿರುವ ಈ ಕಾಗದ ಭಾನುವಾರಕ್ಕೆ ಮೊದಲೇ ನಿನ್ನ ಕೈ ಸೇರುತ್ತದೆ, ಯೋಚಿಸಲು ಪುರುಸೊತ್ತು ಸಿಗಲಿ ಎಂದೇ ಬರೆದೆ. ಬೇಡ ಎಂದು ನೀನು ಫೋನ್ ಮಾಡಿ ಹೇಳುತ್ತೀಯ, ಅದು ಗೊತ್ತು. ಆಗ ನಾನು ಎಂದಿನ ಹಾಗೆ "ಹೂಂ" ಅನ್ನುತ್ತೇನೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡ.

ಮಗುವಿಗೆ ನನ್ನ ಮುತ್ತು. ಅವಳು ದೊಡ್ಡವಳಾಗಿ ಮನೆ ಬಿಟ್ಟು ಹೋಗುವ ದಿನ ಬಂದರೆ, ನಿನಗೆ ತೀರಾ ಹತ್ತಿರದ ಊರಿಗೆ ಹೋಗದಿರಲಿ ಎಂದು ಹಾರೈಸುತ್ತೇನೆ.

ನಿನ್ನ ತಂಗಿ